ಠಾಣೆಯ ಬೆನ್ನಿಗಿರುವ ಗುಡ್ಡದಲ್ಲಿ ನೃಪತುಂಗನ ಹೆಸರು

ಹೋದ ವಾರ ಕ್ಯಾಮೆರಾ ಮುಂದೆ ಮಾತಾಡಿದ್ದನ್ನೇ ಇಲ್ಲಿ ಬರೆದು ಕೊಡ್ತಾ ಇದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದಿಷ್ಟು ಇಸವಿಗಳನ್ನು ಸೇರಿಸಿದ್ದೀನಿ.

ಮೊದಲು ಒಂದು ಜಗಳದ ಕಥೆ. ನಾನು ಡೊಂಬಿವಲಿಗೆ ಬಂದು 14 ವರ್ಷ ಆಯ್ತು. ಕೆಲಸ ಐರೋಲಿಯ ಐಟಿ ಪಾರ್ಕಿನಲ್ಲಿ. ಜೂನ್ ತಿಂಗಳಲ್ಲಿ ನಮ್ಮ ಸೊಸೈಟಿಯಲ್ಲಿ ಗಾಡಿ ನಿಲ್ಲಿಸೋ ಜಾಗದ ಬಗ್ಗೆ ಮಾತಿಗೆ ಮಾತು ಬೆಳೆದು, ಒಬ್ಬರು ನನಗೆ ‘ತುಮ್ಹಿ ಬಾಹೇರ್‌ಚೆ’ ಅಂದರು. ಹೊರಗಿನವರು ಅಂತ. ಇಂಥ ಮಾತು ನಾವೆಲ್ಲ ಕೇಳಿದ್ದೇವೆ, ಬೆಂಗಳೂರಲ್ಲಿ ನಮ್ಮವರೂ ಬೇರೆಯವರಿಗೆ ಅಂದಿದ್ದಾರೆ, ಅದರಲ್ಲೇನೂ ಹೊಸದಿಲ್ಲ. ಆದರೆ ಆರನೇ ಕ್ಲಾಸಿನ ಮಗಳು ಪಕ್ಕದಲ್ಲೇ ನಿಂತಿದ್ದಳು. ಲಿಫ್ಟಿನಲ್ಲಿ ಕೇಳಿದಳು: ‘ಅಪ್ಪಾ, ಎಷ್ಟು ವರ್ಷ ಇದ್ರ ನಾವು ಇಲ್ಲಿಯವ್ರು ಆಗ್ತೀವಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ವಾರ ಒಂದು ವಾಟ್ಸಾಪ್ ಗುಂಪಿನಲ್ಲಿ ಫಾರ್ವರ್ಡ್ ಬಂತು. ‘ಕಾನ್ಹೇರಿ ಅಂದರೆ ಕನ್ನಡ ಕೇರಿ. ಅಲ್ಲಿ ನೃಪತುಂಗನ ಶಾಸನ ಇದೆ. ಮುಂಬೈ ಮೂಲತಃ ನಮ್ಮದು. ಹತ್ತು ಜನಕ್ಕೆ ಕಳಿಸಿ.’ ಖರೆ ಹೇಳ್ತೀನಿ, ಓದಿ ಖುಷಿ ಆಯ್ತು. ಯಾಕಂದ್ರೆ ನನ್ನ ಊರು ಸೇಡಂ ತಾಲೂಕು, ಮಳಖೇಡದ ಹತ್ತಿರ. ಮಳಖೇಡ ಅಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಾಗಿಣಾ ನದಿ ದಂಡೆಯ ಆ ಕೋಟೆಯಲ್ಲಿ ನಾವು ಸಣ್ಣವರಿದ್ದಾಗ ಆಡಿದ್ದೇವೆ. ನಮ್ಮೂರ ರಾಜನ ಹೆಸರು ಠಾಣೆಯ ಗುಡ್ಡದಲ್ಲಿ ಇದೆ ಅಂದರೆ ಮಗಳಿಗೆ ಕರಕೊಂಡು ಹೋಗಿ ತೋರಿಸಬೇಕು, ‘ನೋಡು, ನಾವು ಹೊರಗಿನವರಲ್ಲ’ ಅನ್ನಬೇಕು ಅಂತ ಆಗಸ್ಟಿನ ಒಂದು ಭಾನುವಾರ ಹೊರಟೆ.

ಕಾನ್ಹೇರಿ ಇರೋದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ. ಆ ಕಾಡಿನ ಒಂದು ಮಗ್ಗುಲು ಬೊರಿವಲಿ, ಇನ್ನೊಂದು ಮಗ್ಗುಲು ಠಾಣೆಯ ಯೇವೂರು. ಸುಮಾರು 100 ಚದರ ಕಿಲೋಮೀಟರ್ ಕಾಡು. ಯೇವೂರಿನಿಂದ ಅಡ್ಡದಾರಿ ಹಿಡಿದು ಹೋಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಿರತೆಗಳಿರುವ ಕಾಡು, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ನಾವು ಠಾಣೆಯಿಂದ ಘೋಡಬಂದರ್ ರೋಡಿನ ಬಸ್ಸಿನಲ್ಲಿ ಬೊರಿವಲಿಗೆ ಹೋದೆವು.

ಆ ದಾರಿಯೇ ಅರ್ಧ ಇತಿಹಾಸ. ಗಾಯ್‌ಮುಖ್ ಹತ್ತಿರ ಬಸ್ಸಿನ ಬಲಗಡೆ ಕಿಟಕಿಯಲ್ಲಿ ಅಗಲವಾದ ನೀರು ಕಾಣುತ್ತದೆ. ಅದು ನಮ್ಮ ಉಲ್ಹಾಸ್ ನದಿಯೇ. ಲೋನಾವಳದ ಹತ್ತಿರ ರಾಜಮಾಚಿ ಬೆಟ್ಟದ ಕಡೆ ಹುಟ್ಟಿ, ಕರ್ಜತ್, ಬದಲಾಪುರ, ಕಲ್ಯಾಣ, ಡೊಂಬಿವಲಿ ದಾಟಿ ಬಂದು, ಇಲ್ಲಿ ಖಾಡಿಯಾಗಿ ವಸಯಿ ಹತ್ತಿರ ಸಮುದ್ರ ಸೇರುತ್ತದೆ. ಎರಡು ಸಾವಿರ ವರ್ಷದ ಹಿಂದೆ ಇದೇ ನೀರು ಹೆದ್ದಾರಿ. ಒಂದು ತುದಿಗೆ ಕಲ್ಯಾಣ ಬಂದರು, ಇನ್ನೊಂದು ತುದಿಗೆ ಸೋಪಾರಾ ಬಂದರು. ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯಲ್ಲಿ ಕಲ್ಯಾಣದ ಹೆಸರಿದೆ. (ನಮ್ಮ ಬಸವಣ್ಣನವರ ಕಲ್ಯಾಣ ಬೇರೆ, ಅದು ಬೀದರ ಜಿಲ್ಲೆಯದು. ಊರಿನಿಂದ ಬರುವ ಹಿರಿಯರು ಸ್ಟೇಷನ್ ಬೋರ್ಡ್ ನೋಡಿ ಕೈಮುಗಿದದ್ದನ್ನು ನಾನು ಕಂಡಿದ್ದೇನೆ.) ಈ ಎರಡು ಬಂದರುಗಳ ನಡುವಿನ ಗುಡ್ಡವೇ ಕಾನ್ಹೇರಿ. ವ್ಯಾಪಾರಿಗಳ ದಾರಿಗೆ ಹತ್ತಿರ, ಗದ್ದಲದಿಂದ ದೂರ. ಭಿಕ್ಷುಗಳು ಇಲ್ಲಿ ಬಂದು ಕೂತದ್ದು ಅದಕ್ಕೇ.

ಬೊರಿವಲಿ ಗೇಟಿನಿಂದ ಗುಹೆಗಳಿಗೆ ಸುಮಾರು 6 ಕಿಲೋಮೀಟರ್. ಮೇಲೆ ಹೋಗ್ತಿದ್ದಂತೆ ಮೊದಲು ಗಮನ ಸೆಳೆಯೋದು ಕಲ್ಲು. ನಮ್ಮ ಕಡೆ ಶಹಾಬಾದ್ ಫರ್ಸಿ ನೋಡಿದ್ದೀರಲ್ಲ, ಬುಟ್ಟಿಯಲ್ಲಿ ಜೋಳದ ರೊಟ್ಟಿ ಒಟ್ಟಿದ ಹಾಗೆ ಪದರ ಪದರ. ಅದು ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕಲ್ಲು. ಇಲ್ಲಿಯದು ಬೆಂಕಿಯ ಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನಲ್ಲಿ ಲಾವಾ ಉಕ್ಕಿದ ಕಾಲದ್ದು. ಆದರೆ ಕಾನ್ಹೇರಿಯ ಬಂಡೆ ಬರೀ ಕಪ್ಪು ಬಸಾಲ್ಟ್ ಅಲ್ಲ. ಜ್ವಾಲಾಮುಖಿಯ ಬೂದಿಯೊಳಗೆ ಒಡೆದ ಕಲ್ಲಿನ ಚೂರುಗಳು ಸಿಕ್ಕಿಕೊಂಡು ಗಟ್ಟಿಯಾದದ್ದು. ಹತ್ತಿರ ಹೋಗಿ ನೋಡಿದರೆ ಶೇಂಗಾ ಚಿಕ್ಕಿಯಲ್ಲಿ ಬೀಜ ಕಂಡಂತೆ ಚೂರುಗಳು ಕಾಣುತ್ತವೆ. ಭೂವಿಜ್ಞಾನದವರು ಇದಕ್ಕೆ ಬ್ರೆಕ್ಷಿಯಾ ಅಂತಾರೆ.

ಈ ಬಂಡೆಯಲ್ಲಿ 109 ಗುಹೆಗಳಿವೆ. ಸಾವಿರ ವರ್ಷದ ಆಸುಪಾಸು ಜನ ಇಲ್ಲಿ ಕೊರೆಯುತ್ತ, ವಾಸಿಸುತ್ತ, ರಿಪೇರಿ ಮಾಡುತ್ತ ಬಂದರು. ಮಳೆಗಾಲದಲ್ಲಿ ಹೋದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ: ನೀರು. ಗುಡ್ಡದ ಮೇಲೆ ಬಿದ್ದ ಮಳೆ ಕಲ್ಲಿನಲ್ಲಿ ಕೊರೆದ ಕಾಲುವೆಗಳಲ್ಲಿ ಹರಿದು ಗುಹೆಗಳ ಮಗ್ಗುಲಿನ ತೊಟ್ಟಿಗಳಲ್ಲಿ ತುಂಬುತ್ತದೆ. ಅಂಥ ಒಂದು ತೊಟ್ಟಿ ಕೊರೆಸಿದವನು ಕಲ್ಯಾಣದ ಒಬ್ಬ ಅಕ್ಕಸಾಲಿಗ, ಪ್ರಾಕೃತದಲ್ಲಿ ಬರೆಸಿಟ್ಟಿದ್ದಾನೆ. ‘ಅಪ್ಪಾ, ಕಲ್ಯಾಣ ಅಂದ್ರ ನಮ್ಮ ಫಾಸ್ಟ್ ಲೋಕಲ್ ಕಲ್ಯಾಣ?’ ಅಂದಳು ಮಗಳು. ಹೌದವ್ವ, ಅದೇ ಕಲ್ಯಾಣ.

ಮೆಟ್ಟಿಲ ಹತ್ತಿರ ಸೌತೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬರನ್ನು ‘ಮಾವಶಿ, ಇದನ್ನು ಯಾರು ಕೊರೆದದ್ದು?’ ಅಂತ ಕೇಳಿದೆ. ‘ಪಾಂಡವರು, ಒಂದೇ ರಾತ್ರಿಯಲ್ಲಿ’ ಅಂದರು. ಕೋಳಿ ಕೂಗಿದ್ದಕ್ಕೆ ಕೆಲವು ಅರ್ಧಕ್ಕೆ ಉಳಿದವಂತೆ. ಕೊಂಕಣದ ಎಷ್ಟೋ ಗುಹೆಗಳಿಗೆ ಇದೇ ಕಥೆ. ಅರ್ಧ ಕೊರೆದ ಗುಹೆ ಕಣ್ಣೆದುರು ಇದೆ, ಅದಕ್ಕೊಂದು ಕಾರಣ ಬೇಕಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬಂದಾಗ ಬೇರೆ ಕಥೆ ಕೇಳಿದರು: ಇಲ್ಲಿಂದ ಗುಜರಾತಿನ ಖಂಭಾತ್‌ವರೆಗೆ ಸುರಂಗ ಇದೆ ಅಂತ. ಪಾದ್ರಿಯೊಬ್ಬ ಇಪ್ಪತ್ತು ಜನರನ್ನು ಕಟ್ಟಿಕೊಂಡು, ಅಕ್ಕಿ, ರೊಟ್ಟಿ, ಹಗ್ಗ ತೆಗೆದುಕೊಂಡು ಏಳು ದಿನ ಹುಡುಕಿದ, ಕೊನೆ ಸಿಗಲಿಲ್ಲ ಎಂದು ಇತಿಹಾಸಕಾರ ದಿಯೊಗೊ ದೊ ಕೌತೊ ಬರೆದಿಟ್ಟಿದ್ದಾನೆ. ಅಜ್ಜಿಯ ಪಾಂಡವರು, ಪಾದ್ರಿಯ ಸುರಂಗ, ನನ್ನ ವಾಟ್ಸಾಪಿನ ‘ಕನ್ನಡ ಕೇರಿ’ ಎಲ್ಲ ಒಂದೇ ಜಾತಿಯವು ಅಂತ ಆಮೇಲೆ ಹೊಳೆಯಿತು. ಈ ಗುಡ್ಡದ ಹಳೆಯ ಹೆಸರು ಕೃಷ್ಣಗಿರಿ, ಅಂದರೆ ಕಪ್ಪು ಬೆಟ್ಟ. ಪ್ರಾಕೃತದ ‘ಕಣ್ಹ’ದಿಂದ ಕಾನ್ಹೇರಿ. ಕೇರಿಗೂ ಅದಕ್ಕೂ ಸಂಬಂಧ ಇಲ್ಲ.

ಆದರೆ ಫಾರ್ವರ್ಡ್‌ನ ಇನ್ನರ್ಧ ನಿಜ. 11ನೇ ಗುಹೆಗೆ ದರ್ಬಾರ್ ಹಾಲ್ ಅಂತಾರೆ. ನಡುವೆ ಉದ್ದಕ್ಕೆ ಎರಡು ತಗ್ಗಾದ ಕಲ್ಲಿನ ಕಟ್ಟೆಗಳಿವೆ. ಎಲ್ಲೋರಾದ 5ನೇ ಗುಹೆಯಲ್ಲೂ ಹೀಗೇ ಇದೆ. ಈ ಗುಹೆಯ ಕಲ್ಲಿನಲ್ಲಿ ಶಕವರ್ಷ 775 ಎಂಬ ಅಂಕೆಯಿರುವ ಶಾಸನ ಇದೆ, ಅಂದರೆ 850ರ ದಶಕದ ಆರಂಭ. ಅದರಲ್ಲಿ ಅಮೋಘವರ್ಷನ ಹೆಸರಿದೆ. ಅವನೇ ನಮ್ಮ ನೃಪತುಂಗ. ಅವನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದದ್ದೂ ಇದೇ ಆಸುಪಾಸಿನಲ್ಲಿ. ಅಮೋಘವರ್ಷನ ಕೃಪೆಯಿಂದ ಕೊಂಕಣ ಆಳುತ್ತಿದ್ದವನು ಶಿಲಾಹಾರ ವಂಶದ ಕಪರ್ದಿ ಎಂದು ಶಾಸನ ಹೇಳುತ್ತದೆ. ಇದೇ ಶಿಲಾಹಾರರು ಮುಂದೆ ಠಾಣೆಯಿಂದ ಆಳಿದರು. 1060ರ ಅಂಬರನಾಥ ದೇವಸ್ಥಾನವೂ ಅವರದೇ. ಕಾನ್ಹೇರಿಯಲ್ಲಿ ಅಮೋಘವರ್ಷನ ಕಾಲದ ಇನ್ನೂ ಎರಡು ಶಾಸನಗಳಿವೆ, ಶಕ 765 ಮತ್ತು 799ರವು.

ಸವೆದ ಅಕ್ಷರ, ಬರಿಗಣ್ಣಿಗೆ ಓದಲಾಗದು. ಆದರೂ ಕೈಯಿಂದ ಮುಟ್ಟದೆ, ಒಂದು ಮಾರು ದೂರ ನಿಂತು ನೋಡುತ್ತಿದ್ದರೆ ಎದೆ ತುಂಬಿ ಬಂತು. ಮಳಖೇಡದಿಂದ ಇಲ್ಲಿಗೆ ಎಷ್ಟು ದೂರ!

ಮಗಳು ಕೇಳಿದಳು: ‘ಕನ್ನಡದಾಗ ಬರ್ದಾರೇನು?’

ಇಲ್ಲ. ಭಾಷೆ ಸಂಸ್ಕೃತ.

‘ರಾಜ ಇಲ್ಲಿಗೆ ಬಂದಿದ್ನೇನು?’

ಹಾಗಂತ ಶಾಸನ ಹೇಳೋದಿಲ್ಲ.

‘ಮತ್ತ ಯಾರು ಬರೆಸಿದ್ದು?’

ಅಲ್ಲೇ ನಾನು ಸಿಕ್ಕಿಬಿದ್ದೆ. ಬರೆಸಿದವನು ರಾಜನೂ ಅಲ್ಲ, ಕನ್ನಡದವನೂ ಅಲ್ಲ, ಈ ಊರಿನವನೂ ಅಲ್ಲ. ಅವನ ಹೆಸರು ಅವಿಘ್ನಾಕರ. ಗೌಡದೇಶದಿಂದ, ಅಂದರೆ ಈಗಿನ ಬಂಗಾಳದ ಕಡೆಯಿಂದ ಬಂದ ಬೌದ್ಧ. ಭಿಕ್ಷುಗಳಿಗೆ ಧ್ಯಾನದ ಕೋಣೆ ಮತ್ತು ಬಟ್ಟೆಗಾಗಿ 100 ದ್ರಮ್ಮ ಇಟ್ಟ. ದ್ರಮ್ಮ ಅಂದರೆ ಆ ಕಾಲದ ನಾಣ್ಯ. ನೃಪತುಂಗನ ಹೆಸರು ಅಲ್ಲಿ ಬಂದದ್ದು, ಆಗ ಯಾರ ಆಳ್ವಿಕೆ ಅಂತ ಹೇಳುವುದಕ್ಕೆ. ನಾವು ಕಾಗದದ ಮೇಲೆ ತಾರೀಖು ಬರೆಯುವ ಹಾಗೆ.

‘ಈ ಊರು ನಮ್ಮದು’ ಅಂತ ತೋರಿಸೋಕೆ ಕರಕೊಂಡು ಹೋದ ಕಲ್ಲು ನನಗೆ ತೋರಿಸಿದ್ದು ಒಬ್ಬ ‘ಬಾಹೇರ್‌ಚಾ’ ಮನುಷ್ಯನನ್ನು. 90ನೇ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದ ಪಾರಸಿಗಳು ಪಹಲವಿ ಲಿಪಿಯಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಹಾಗೆ ನೋಡಿದರೆ ಈ ಗುಡ್ಡ ತುಂಬ ಹೊರಗಿನವರೇ. ಮಾನ್ಯಖೇಟದ ರಾಜ್ಯ ಹತ್ತನೇ ಶತಮಾನದ ಕೊನೆಗೆ ಮುಗಿಯಿತು, ಅದರ ಹೆಸರಿನಲ್ಲಿ ಇವತ್ತು ಯಾರೂ ಇಲ್ಲಿ ಒಂದು ಪಾರ್ಕಿಂಗ್ ಜಾಗ ಕೇಳಲಾರರು. ಬಂಗಾಳಿಯ 100 ದ್ರಮ್ಮ, ಕಲ್ಯಾಣದ ಅಕ್ಕಸಾಲಿಗನ ತೊಟ್ಟಿ ಮಾತ್ರ ಅವರವರ ಹೆಸರಿನಲ್ಲೇ ಉಳಿದಿವೆ. ತೊಟ್ಟಿಗಳಲ್ಲಿ ಆ ದಿನವೂ ನೀರಿತ್ತು.

ಮೇಲೆ ಹತ್ತಿ ಸ್ವಲ್ಪ ಹೊತ್ತು ಕೂತೆವು. ಕೆಳಗೆ ಕಾಡು, ಪಶ್ಚಿಮಕ್ಕೆ ಬೊರಿವಲಿಯ ಟವರ್‌ಗಳು, ಬೆನ್ನಿಗೆ ಠಾಣೆಯ ಕಡೆಯ ಗುಡ್ಡಗಳು. ಮಗಳಿಗೆ ಲಿಫ್ಟಿನ ಪ್ರಶ್ನೆ ಮರೆತಿತ್ತೋ ಏನೋ, ಸೌತೆಕಾಯಿ ತಿನ್ನುತ್ತಿದ್ದಳು. ನನಗೆ ಮರೆತಿರಲಿಲ್ಲ.

ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಸೊಸೈಟಿಯವರು ಎರಡು ವರ್ಷದಿಂದ ಮಳೆನೀರು ಹಿಡಿಯುವ ಟ್ಯಾಂಕಿಗೆ ದುಡ್ಡು ಕೂಡಿಸುತ್ತಿದ್ದರು. ನಾನು ಕೊಟ್ಟಿರಲಿಲ್ಲ. ‘ಹೆಂಗೂ ಒಂದಿನ ಊರಿಗೆ ಹೋಗೋರು’ ಅಂತ ಮನೆಯಲ್ಲಿ ಹೇಳಿಕೊಂಡು ಮುಂದೂಡಿದ್ದೆ. 14 ವರ್ಷದಿಂದ ಹೊರಗಿನವನ ಹಾಗೆ ಇದ್ದವನು ನಾನೇ. ಆ ಭಾನುವಾರ ರಾತ್ರಿ ದುಡ್ಡು ಕಳಿಸಿದೆ. ಗಾಡಿ ಜಾಗದ ಜಗಳ ಇನ್ನೂ ಹಾಗೇ ಇದೆ, ಅದು ಬೇರೆ ಮಾತು.

ನೀವೂ ಹೋಗಿ ಬನ್ನಿ. ಸೋಮವಾರ ಗುಹೆಗಳಿಗೆ ರಜೆ. ಬೆಳಗ್ಗೆ ಬೇಗ ಹೊರಡಿ, ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ, ಒಳ್ಳೆ ಬೂಟು ಇರಲಿ, ಮಂಗಗಳಿಗೆ ಚೀಲ ತೋರಿಸಬೇಡಿ. ಮಕ್ಕಳನ್ನು ಕರಕೊಂಡು ಹೋಗಿ. ನೃಪತುಂಗನ ಹೆಸರು ಧಾರಾಳವಾಗಿ ಹೇಳಿ, ಅದು ನಮ್ಮ ಹೆಮ್ಮೆಯೇ. ಅದರ ಜೊತೆ ಅವಿಘ್ನಾಕರನ ಹೆಸರನ್ನೂ ಹೇಳಿ.