ಗರ್ಭಿಣಿಯ ರಕ್ತಹೀನತೆ: ಪರೇಲ್ ಕಲಿಸಿದ ಪಾಠ



ನಾನು ಐದು ತಿಂಗಳ ಬಸುರಿಯಾಗಿದ್ದಾಗ ಹಿಮೋಗ್ಲೋಬಿನ್ 9.2 ಎಂದು ವರದಿ ಬಂತು. ಒಳ್ಳೆಯ ಸಂಬಳ, ಮೂರು ಹೊತ್ತು ಊಟ. ನನಗೆಲ್ಲಿಂದ ಬಂತು ರಕ್ತಹೀನತೆ ಎಂದುಕೊಂಡೆ. ವೈದ್ಯರು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಬರೆದುಕೊಟ್ಟರು. ಆ ಗುಳಿಗೆಯ ಅರ್ಧ ಕಥೆ ನಮ್ಮ ಮುಂಬಯಿಯದ್ದೇ ಎಂದು ಆಮೇಲೆ ಓದಿ ತಿಳಿದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ತೀವ್ರ ರಕ್ತಹೀನತೆ ಕಾಡುತ್ತಿತ್ತು. ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಲೂಸಿ, ರಕ್ತ ಪರೀಕ್ಷೆಯೊಂದಿಗೇ ನಿಲ್ಲಲಿಲ್ಲ. ಈ ಹೆಂಗಸರು ಏನು ಉಣ್ಣುತ್ತಾರೆ ಎಂದು ವಿಚಾರಿಸಿದರು. ಕೊರತೆ ಇದ್ದದ್ದು ತಟ್ಟೆಯಲ್ಲಿ. ಅಗ್ಗವಾಗಿ ಸಿಗುತ್ತಿದ್ದ ಮಾರ್ಮೈಟ್ ಎಂಬ ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಲೂಸಿ ಇದನ್ನು ಪ್ರಕಟಿಸಿದರು. ಗುಣಪಡಿಸಿದ ಸತ್ವ ಫೋಲಿಕ್ ಆಮ್ಲ. ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ್ದು 1941ರಲ್ಲಿ.

ಲೂಸಿ ಕಂಡದ್ದು ಫೋಲಿಕ್ ಆಮ್ಲದ ಕೊರತೆಯನ್ನು. ನಮ್ಮಲ್ಲಿ ಇನ್ನೂ ಹೆಚ್ಚಾಗಿ ಕಾಣುವುದು ಕಬ್ಬಿಣದ ಕೊರತೆ. ಆದ್ದರಿಂದಲೇ ಭಾರತ ಸರ್ಕಾರ 1970ರಲ್ಲಿ ಎರಡನ್ನೂ ಸೇರಿಸಿದ ಗುಳಿಗೆ ಹಂಚುವ ಕಾರ್ಯಕ್ರಮ ಆರಂಭಿಸಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 52.2ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಇತ್ತು. ಅಂದರೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ.

ಯಾರಿಗೆ ಅಪಾಯ ಹೆಚ್ಚು? ಹದಿಹರೆಯದಲ್ಲೇ ಬಸುರಾದವರಿಗೆ, ಹೆರಿಗೆಗಳ ನಡುವೆ ಅಂತರವಿಲ್ಲದವರಿಗೆ, ಅವಳಿ ಮಕ್ಕಳನ್ನು ಹೊತ್ತವರಿಗೆ, ಮೊದಲಿನಿಂದಲೂ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದವರಿಗೆ, ಹೊಟ್ಟೆಯಲ್ಲಿ ಕೊಕ್ಕೆಹುಳು ಇರುವವರಿಗೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ದೇಹಕ್ಕೆ ಹತ್ತುವುದು ಮಾಂಸದಲ್ಲಿರುವುದಕ್ಕಿಂತ ಕಡಿಮೆ. ಊಟದ ಜೊತೆ ಚಹಾ ಕುಡಿದರೆ ಅದು ಇನ್ನೂ ಕಡಿಮೆಯಾಗುತ್ತದೆ. ನಿಂಬೆರಸ ಹಿಂಡಿಕೊಂಡರೆ ಹೆಚ್ಚುತ್ತದೆ. ನನ್ನ ಗುಟ್ಟು ಬಯಲಾದದ್ದು ಇಲ್ಲೇ. ಆಫೀಸಿನಲ್ಲಿ ಡಬ್ಬಿ ಮುಚ್ಚುವ ಮೊದಲೇ ಚಹಾ ಬರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದ ಪಲ್ಯದಲ್ಲೇ ಊಟ ಮುಗಿಸುತ್ತಿದ್ದೆ.

ಚಹಾವನ್ನು ಊಟದಿಂದ ಎರಡು ಗಂಟೆ ದೂರವಿಟ್ಟೆ, ಗುಳಿಗೆ ತಪ್ಪಿಸಲಿಲ್ಲ. ಊರಿನಿಂದ ಬಂದ ಅಮ್ಮ ನನಗೆ ಮೊದಲು ಬಡಿಸಿದಳು. "ನೀನೂ ಕೂತುಕೋ ಅಮ್ಮಾ" ಎಂದರೆ, "ನಂದು ಆಮೇಲೆ" ಎಂದಳು. ನನ್ನನ್ನು ಹೊತ್ತಾಗಲೂ ಅವಳದು ಆಮೇಲೆಯೇ ಆಗಿರಬೇಕು.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಗುಳಿಗೆ ಕೊಡಿ. ಜೊತೆಗೆ ಲೂಸಿ ಕೇಳಿದ ಪ್ರಶ್ನೆಯನ್ನೂ ಕೇಳಿ: "ಇವತ್ತು ಏನು ಊಟ ಮಾಡಿದೆಯಮ್ಮಾ?"