ಹಳೇ ಓಮ್ನಿ: ಎಂಜಿನ್ ಬೋರ್ ಮಾಡಿಸೋದಾ, ಬೇರೆಯದು ಹಾಕಿಸೋದಾ?

ಊರಲ್ಲಿ ಅಪ್ಪ ಓಡಿಸ್ತಿದ್ದ ಓಮ್ನಿಯನ್ನ ಪುಣೆಗೋ ಗುರುಗ್ರಾಮಕ್ಕೋ ತಂದಿಟ್ಟುಕೊಂಡವರು ನಮ್ಮಲ್ಲಿ ಕಮ್ಮಿ ಏನಿಲ್ಲ. ಈಗ ಅದು ಆಯಿಲ್ ಕುಡೀತಿದೆ, ಹಿಂದಿನಿಂದ ನೀಲಿ ಹೊಗೆ. ಒಬ್ಬ ಮೆಕ್ಯಾನಿಕ್ ಬೋರ್ ಮಾಡಿಸಿ ಅಂತಾನೆ, ಇನ್ನೊಬ್ಬ ಬೇರೆ ಎಂಜಿನ್ನೇ ತಂದು ಕೂರಿಸ್ತೀನಿ ಅಂತಾನೆ. ಈ ಪ್ರಶ್ನೆಗೆ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಹೇಗೆ ಅಂತ ನೋಡೋಣ.

ಮಾರುತಿ ಬರೋಕೆ ಮುಂಚೆ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಇದ್ದ ಎಂಜಿನ್ನನ್ನೇ ಬಿಚ್ಚಿ, ಲೇತಿಗೆ ಕಳಿಸಿ, ಮತ್ತೆ ಜೋಡಿಸ್ತಿದ್ರು. ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ಇಳಿಸಿ ಮಟಡೋರ್ ಡೀಸೆಲ್ ಎಂಜಿನ್ ಹಾಕಿಸಿಕೊಂಡವರೂ ಇದ್ರು. ಅದು ಡೀಸೆಲ್ ದರದ ಲೆಕ್ಕ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, 1984ರಲ್ಲಿ ಮಾರುತಿ ವ್ಯಾನ್. 1988ರಲ್ಲಿ ವ್ಯಾನಿಗೆ ಓಮ್ನಿ ಅಂತ ಹೆಸರಾಯ್ತು. ಎರಡಕ್ಕೂ ಒಂದೇ ಮನೆತನದ ಎಂಜಿನ್: ಸುಜುಕಿಯ ಎಫ್8ಬಿ, ಮೂರು ಸಿಲಿಂಡರ್, 796 ಸಿಸಿ. ಕಾರಿನಲ್ಲಿ ಅದು ಬಾನೆಟ್ ಕೆಳಗೆ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸ್ತದೆ. ವ್ಯಾನಿನಲ್ಲಿ ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸ್ತದೆ. (ಬೇಸಿಗೆಯಲ್ಲಿ ಓಮ್ನಿ ಓಡಿಸಿದವರ ಬೆನ್ನಿಗೆ ಇದು ಗೊತ್ತು.) ಆದ್ದರಿಂದ 800ರ ಎಂಜಿನ್ ಎತ್ತಿ ಹಾಗ್ಹಾಗೇ ವ್ಯಾನಿಗೆ ಕೂರಿಸೋಕಾಗಲ್ಲ. ಆದರೆ ಸ್ಪೇರ್ ಪಾರ್ಟಿಗೆ ಬರ ಇರಲಿಲ್ಲ. ಗುಜರಿಗೆ ಹೋದ ವ್ಯಾನುಗಳ ಎಂಜಿನ್ ದೆಹಲಿಯ ಮಾಯಾಪುರಿಯಲ್ಲಿ, ಚೆನ್ನೈನ ಪುದುಪೇಟೆಯಲ್ಲಿ ಸಿಗ್ತಿದ್ವು. ಎಂಜಿನ್ ಬದಲಿಸೋದು ಮಧ್ಯಮ ವರ್ಗದವರ ಕೈಗೆ ಎಟುಕಿದ್ದು ಆಗಲೇ.

2000ದ ಏಪ್ರಿಲ್ 1ರಿಂದ ದೆಹಲಿ ಸುತ್ತಮುತ್ತ ಹೊಸ ಕಾರುಗಳಿಗೆ ಯುರೋ 2 ಕಡ್ಡಾಯವಾಯ್ತು. ಕಾರ್ಬುರೇಟರ್ ಜಾಗಕ್ಕೆ ಎಂಪಿಎಫ್‌ಐ ಬಂತು. ಈಗ ಎಂಜಿನ್ ಒಂದೇ ಹೊಂದಿದ್ರೆ ಸಾಲದು. ವೈರಿಂಗು, ಸೆನ್ಸರು, ಇಸಿಯು ಎಲ್ಲಾ ಹೊಂದಬೇಕು. ಎಂಪಿಎಫ್‌ಐ ಗಾಡಿಗೆ ಹಳೇ ಕಾರ್ಬುರೇಟರ್ ಎಂಜಿನ್ ಹಾಕ್ತೀನಿ ಅನ್ನೋ ಮೆಕ್ಯಾನಿಕ್ ಸಿಕ್ಕರೆ ಕೈ ಮುಗಿದು ಎದ್ದು ಬನ್ನಿ.

ಆಮೇಲೆ ವಯಸ್ಸಿನ ಲೆಕ್ಕ ಬಂತು. 2018ರಲ್ಲಿ ಸುಪ್ರೀಂ ಕೋರ್ಟ್, ದೆಹಲಿ ರಾಜಧಾನಿ ಪ್ರದೇಶದಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂತು. ಆ ಆದೇಶ ಆಮೇಲೆ ಮತ್ತೆ ಮತ್ತೆ ಕೋರ್ಟಿನ ಮುಂದೆ ಬಂದಿದೆ. ಗಾಡಿಯ ವಯಸ್ಸು ಎಣಿಸೋದು ರಿಜಿಸ್ಟ್ರೇಷನ್ ದಿನದಿಂದ; ಎಂಜಿನ್ ಹೊಸದಾದರೂ ಗಾಡಿಗೆ ಹರೆಯ ಬರಲ್ಲ. ಅಲ್ಲಿರೋರು ಈಗಿನ ನಿಯಮ ವಿಚಾರಿಸದೆ ಒಂದು ರೂಪಾಯಿನೂ ಸುರೀಬೇಡಿ.

2019ರಲ್ಲಿ ಓಮ್ನಿ ತಯಾರಿಕೆಯೇ ನಿಂತಿತು. ಇನ್ನು ಗುಜರಿಯಲ್ಲಿ ಸಿಗೋ ಎಂಜಿನ್ನೂ ನಿಮ್ಮದರಷ್ಟೇ ದಣಿದಿರುತ್ತೆ. ಅದಕ್ಕೇ ಪುಣೆ, ಚೆನ್ನೈ, ಹೈದರಾಬಾದಿನವರಿಗೆ ನನ್ನ ಒಲವು ರಿಪೇರಿ ಕಡೆಗೆ. ಮೊದಲು ಮೂರೂ ಸಿಲಿಂಡರಿನ ಕಂಪ್ರೆಷನ್ ನೋಡಿಸಿ. ಕಮ್ಮಿ ಇದ್ದ ಸಿಲಿಂಡರಿಗೆ ಚೂರು ಆಯಿಲ್ ಬಿಟ್ಟಾಗ ಏರಿದರೆ ರಿಂಗು, ಬೋರು ಸವೆದಿದೆ. ಏರದಿದ್ದರೆ ವಾಲ್ವೋ ಹೆಡ್ ಗ್ಯಾಸ್ಕೆಟ್ಟೋ ನೋಡಿ. ಹೆಡ್ ಕೆಲಸದಲ್ಲಿ ಮುಗಿಯೋದಕ್ಕೆ ಎಂಜಿನ್ ಬದಲಿಸೋದು ದಂಡ. ಬ್ಲಾಕೇ ಬಿರುಕು ಬಿಟ್ಟಿದ್ದರೆ ಮಾತ್ರ ಬೇರೆ ಎಂಜಿನ್ ಹುಡುಕಿ.

ಹುಡುಕಿದ್ರೆ ಬಿಲ್ ಇಸ್ಕೊಳ್ಳಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತೆ, ಹೊಸ ನಂಬರನ್ನ ಆರ್‌ಟಿಒದಲ್ಲಿ ಸೇರಿಸಲೇಬೇಕು. ಕೆಎ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿದರೆ ಅಲ್ಲಿಯ ನಂಬರ್ ತಗೋಬೇಕಲ್ಲ, ಆಗ ಇನ್ಸ್‌ಪೆಕ್ಟರ್ ಸೀಟೆತ್ತಿಸಿ ಮೊದಲು ನೋಡೋದು ಅದನ್ನೇ.