ಒಂದು ಡಾಲರ್ ಚಿಹ್ನೆ ಮರೆತಾಗ

ಪರೀಕ್ಷೆ ಹತ್ತಿರವಿತ್ತು. ನಮ್ಮ ಗಣಿತ ಶಿಕ್ಷಕರು ಲೇಟೆಕ್ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸುತ್ತಿದ್ದರು. ನಾಲ್ಕನೆಯ ಪ್ರಶ್ನೆಗೆ ಬಂದಾಗ ಕೆಲಸ ನಿಂತಿತು. ಪರದೆಯ ಮೇಲೆ 'ಮಿಸ್ಸಿಂಗ್ ಡಾಲರ್ ಇನ್ಸರ್ಟೆಡ್' ಎಂಬ ಸಂದೇಶ ಮೂಡಿತ್ತು. ಬಿಟ್ಟುಹೋದ ಡಾಲರನ್ನು ಸೇರಿಸಲಾಗಿದೆ ಎಂದು ಅದರ ಅರ್ಥ. ಹಣದ ಮಾತೇ ಇಲ್ಲದ ಪ್ರಶ್ನೆಗೆ ಡಾಲರ್ ಎಲ್ಲಿಂದ ಬಂತು? ಭಾಷೆ ಕಲಿಸುವ ನನಗೂ ಕುತೂಹಲ ಹುಟ್ಟಿತು. ಉತ್ತರ ಹುಡುಕುತ್ತಾ ಹೋದರೆ ಅದು ಇತಿಹಾಸದ ಪಾಠವೇ ಆಯಿತು.

ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಬೀಜಗಣಿತದ ತಮ್ಮ ಗ್ರಂಥವನ್ನು ಪೂರ್ತಿ ಮಾತಿನಲ್ಲೇ ಬರೆದರು. ಅದರಲ್ಲಿ ಇಂದಿನ ಚಿಹ್ನೆಗಳಿರಲಿಲ್ಲ. ಸಮ ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ ಬಳಸಿದ್ದು 1557ರಲ್ಲಿ. ಘಾತವನ್ನು ಅಕ್ಷರದ ತಲೆಯ ಮೇಲೆ ಚಿಕ್ಕ ಅಂಕೆಯಾಗಿ ಬರೆಯುವ ಪದ್ಧತಿ ಡೆಕಾರ್ಟ್‌ನ 1637ರ ಪುಸ್ತಕದಿಂದ ಬೆಳೆಯಿತು. ಹೀಗೆ ಗಣಿತದ ಪುಟದಲ್ಲಿ ಎರಡು ಭಾಷೆಗಳು ಬೆರೆತವು: ಒಂದು ಮಾತಿನದು, ಇನ್ನೊಂದು ಚಿಹ್ನೆಯದು. ಮೇಲೆ ಕೆಳಗೆ ಅಂಕೆ ಕೂರಿಸುತ್ತಾ ಮೊಳೆ ಜೋಡಿಸುವವರಿಗೆ ಇದು ಬಹಳ ಶ್ರಮದ, ದುಬಾರಿ ಕೆಲಸವಾಯಿತು.

1977ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್ ಅವರ ಕೈಗೆ ತಮ್ಮ ಪುಸ್ತಕದ ಎರಡನೆಯ ಸಂಪುಟದ ಹೊಸ ಕರಡಚ್ಚು ಬಂತು. ಸೀಸದ ಅಚ್ಚು ಹೋಗಿ ಫೋಟೋ ಅಕ್ಷರಜೋಡಣೆ ಬಂದಿತ್ತು. ಪುಟಗಳು ಮೊದಲಿನಷ್ಟು ಚೆನ್ನಾಗಿರಲಿಲ್ಲ. ಬೇಸರಗೊಂಡ ಅವರು ಸ್ವತಃ ತಂತ್ರಾಂಶ ಬರೆಯಲು ಕೂತರು. ಅದೇ 'ಟೆಖ್'. ಕೊನೆಯ ಅಕ್ಷರ ಗ್ರೀಕಿನದು. ಉರ್ದು ಬಲ್ಲವರು 'ಖೇ' ಎಂದುಕೊಂಡರೆ ಉಚ್ಚಾರ ಸುಲಭ. ಇದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದೇ ಲೇಟೆಕ್.

ಕ್ನೂತ್ ಎರಡು ಭಾಷೆಗಳಿಗೂ ಬೇರೆ ಬೇರೆ ನಿಯಮ ಮಾಡಿದರು. ಪಠ್ಯದಲ್ಲಿ ಪದಗಳ ನಡುವಿನ ಜಾಗ ಮುಖ್ಯ. ಗಣಿತ ಕ್ರಮದಲ್ಲಿ ನಾವು ಬಿಟ್ಟ ಜಾಗಕ್ಕೆ ಬೆಲೆಯಿಲ್ಲ, ಅಕ್ಷರಗಳು ಓರೆಯಾಗುತ್ತವೆ. ಸೂತ್ರದ ಮೊದಲಿಗೂ ಕೊನೆಗೂ ಒಂದೊಂದು ಡಾಲರ್ ಚಿಹ್ನೆ ಬಾಗಿಲಿನಂತೆ ನಿಲ್ಲಬೇಕು. ಆ ಚಿಹ್ನೆಯೇ ಏಕೆ? ಗಣಿತದ ಅಚ್ಚು ಹಿಂದಿನಿಂದಲೂ ದುಬಾರಿಯಾಗಿತ್ತಲ್ಲ, ಅದಕ್ಕೆ!

ಈಗ ದೋಷದ ಗುಟ್ಟು ತಿಳಿಯುತ್ತದೆ. ಘಾತದ ಟೊಪ್ಪಿಗೆ ಗುರುತಾಗಲಿ, ಅಡಿಗೆರೆಯಾಗಲಿ ಗಣಿತದೊಳಗೆ ಮಾತ್ರ ಸಲ್ಲುತ್ತವೆ. ಹೊರಗೆ ಕಂಡರೆ ಯಂತ್ರ ತಾನೇ ಒಂದು ಡಾಲರ್ ಸೇರಿಸಿ ಎಚ್ಚರಿಸುತ್ತದೆ. ಕಡತದ ಹೆಸರಿನಲ್ಲಿ ಅಡಿಗೆರೆ ಬಂದರೂ ಇದೇ ಕಥೆ. ಹಾಗೆ ತೆರೆದ ಬಾಗಿಲು ಮುಚ್ಚದಿದ್ದರೆ ಮುಂದಿನ ಮಾತೆಲ್ಲ ಸೂತ್ರವೆಂದು ಅಂಟಿಕೊಳ್ಳುತ್ತದೆ, ಪ್ಯಾರಾ ಮುಗಿದಾಗ ಎರಡನೆಯ ಎಚ್ಚರಿಕೆ ಬರುತ್ತದೆ. ತಪ್ಪು ಒಂದು, ದೂರು ಎರಡು! ಆದ್ದರಿಂದ ಮೊದಲನೆಯದನ್ನೇ ಮೊದಲು ತಿದ್ದಬೇಕು. ಸಾಲಿನೊಳಗಿನ ಸೂತ್ರ ಪ್ಯಾರಾ ದಾಟಬಾರದೆಂಬ ನಿಯಮವನ್ನು ಕ್ನೂತ್ ಬೇಕೆಂದೇ ಇಟ್ಟರು. ಒಂದು ಮರೆವು ಇಡೀ ಪುಸ್ತಕವನ್ನು ಕೆಡಿಸಬಾರದಲ್ಲವೇ?

ನಮ್ಮ ಶಿಕ್ಷಕರು ನಾಲ್ಕನೆಯ ಪ್ರಶ್ನೆಯನ್ನು ಮತ್ತೆ ಮತ್ತೆ ನೋಡಿದ್ದರು. ಮರೆತ ಚಿಹ್ನೆ ಇದ್ದದ್ದು ಅದಕ್ಕೂ ಮೇಲಿನ ಸಾಲಿನಲ್ಲಿ. ಯಂತ್ರ ತೋರಿಸುವುದು ತನಗೆ ತೊಡಕು ಕಂಡ ಜಾಗವನ್ನು. ತಪ್ಪು ನಡೆದ ಜಾಗವನ್ನು ಹುಡುಕಬೇಕಾದವರು ನಾವು.

ಕ್ನೂತ್ ತಮ್ಮ ತಂತ್ರಾಂಶದ ದೋಷಗಳನ್ನು ದಾಖಲಿಸಿಟ್ಟು, 1989ರಲ್ಲಿ ಅವುಗಳ ಬಗ್ಗೆ ಪ್ರಬಂಧವನ್ನೇ ಪ್ರಕಟಿಸಿದರು. ದೋಷ ಹುಡುಕಿಕೊಟ್ಟವರಿಗೆ ಬಹುಮಾನವಿಟ್ಟರು. ಅದರ ಮೊತ್ತ ಏರುತ್ತಾ 327.68 ಡಾಲರಿಗೆ ಬಂದು ನಿಂತಿತು. ಇಷ್ಟು ದೊಡ್ಡ ವಿದ್ವಾಂಸರೇ ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. ವಿದ್ಯಾರ್ಥಿ ಮಿತ್ರರೇ, ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಕಂಡಾಗ ನಾಚಿ ಮಡಚಿಡಬೇಡಿ. ಒಂದೆರಡು ಸಾಲು ಮೇಲಕ್ಕೆ ಹೋಗಿ ನೋಡಿ. ಮರೆತದ್ದು ಅಲ್ಲೇ ಸಿಕ್ಕೀತು.